ಹೊಂಬಾಳಮ್ಮನ ನಲವತ್ತು ನಿಮಿಷ

ನಾನು ಡ್ರೋನ್ ಹಾರಿಸುವುದನ್ನು ಕಲಿತದ್ದು ಮದುವೆ ಮನೆಗಳಲ್ಲಿ. ಛತ್ರದ ಮೇಲಿನಿಂದ ಅದನ್ನು ಮೆಲ್ಲಗೆ ಇಳಿಸಿ ತಂದು, ಗಂಡು ಹೆಣ್ಣಿನ ತಲೆಯ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಅವರ ಮುಖದೆದುರು ನಿಲ್ಲಿಸಬೇಕು. ಎಂಟು ವರ್ಷ ಆ ಕೆಲಸ ಮಾಡಿದೆ. ಒಮ್ಮೆ ಪುರೋಹಿತರ ಶಲ್ಯ ರೆಕ್ಕೆಗೆ ಸುತ್ತಿಕೊಂಡು ಅವರು ಮಂತ್ರ ಬಿಟ್ಟು ಬೇರೇನೋ ಹೇಳಿದ್ದು ಬಿಟ್ಟರೆ ನನ್ನಿಂದ ಯಾವ ಮದುವೆಗೂ ಕುಂದು ಬಂದಿಲ್ಲ. ಆದ್ದರಿಂದಲೇ ಇರಬೇಕು, ನೊಣ ಬಿಡುವ ಕೆಲಸಕ್ಕೆ ಜನ ಬೇಕಾದಾಗ ನಮ್ಮೂರಿನ ತರಕಾರಿ ಬೆಳೆಗಾರರು ನೆಟ್ಟಗೆ ನನ್ನ ಮನೆಗೆ ಬಂದರು. "ಜಲಜಾಕ್ಷಿ, ಇದೂ ಒಂಥರಾ ಮದುವೆ ಕೆಲಸಾನೇ ಕಣವ್ವ" ಎಂದರು ಸಂಘದ ಅಧ್ಯಕ್ಷ ಚೌಡಪ್ಪನವರು. ಅವರು ಹೇಳಿದ್ದು ಸುಳ್ಳಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮೂರಿನಲ್ಲಿ ದಿನವಿಡೀ ಗಾಳಿ. ಒಣಗಲು ಹಾಕಿದ ಪಂಚೆಗೆ ನಾಲ್ಕೂ ಮೂಲೆ ಗಂಟು ಹಾಕದಿದ್ದರೆ ಅದು ಪಕ್ಕದ ಬೀದಿಯವರ ಪಂಚೆ. ಆದರೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗಾಳಿ ನಿಲ್ಲುತ್ತದೆ, ಎಂಟಕ್ಕೆ ಮತ್ತೆ ಏಳುತ್ತದೆ. ಆ ಒಂದು ಗಂಟೆಗೆ ನಾವು ನಿಂತಹೊತ್ತು ಅನ್ನುತ್ತೇವೆ. ನಿಂತಹೊತ್ತಿನಲ್ಲಿ ಊರಿನ ಮೇರೆಯೊಳಗೆ ಎಲ್ಲಿ ಏನು ಸದ್ದಾದರೂ ಅದು ಪ್ರತಿಯೊಬ್ಬರಿಗೂ ತಮ್ಮ ಮಗ್ಗುಲಲ್ಲೇ ಆದಂತೆ ಕೇಳಿಸುತ್ತದೆ. ಮೇಲಿನ ಕೇರಿಯಲ್ಲಿ ಯಾರಾದರೂ ಕಾಫಿ ಸೊರ್ ಎಂದು ಎಳೆದರೆ ಕೆರೆಯ ಆಚೆ ಹುಲ್ಲು ಕೊಯ್ಯುವವನು ತಿರುಗಿ ನೋಡುತ್ತಾನೆ. ಆದ್ದರಿಂದ ಆರೂಮುಕ್ಕಾಲಿಗೆಲ್ಲ ಒಗ್ಗರಣೆ ಮುಗಿದಿರಬೇಕು. ಕುಕ್ಕರನ್ನು ಯಾರೂ ಇಡುವುದಿಲ್ಲ. ಹಾಲಿನವನು ಕ್ಯಾನಿಗೆ ಗೋಣಿತಾಟು ಸುತ್ತುತ್ತಾನೆ, ಬೈಕಿದ್ದವರು ತಳ್ಳಿಕೊಂಡು ಹೋಗುತ್ತಾರೆ. ಗಂಡ ಹೆಂಡತಿ ಜಗಳವಾಡುತ್ತಿದ್ದರೆ ಏಳಕ್ಕೆ ಐದು ನಿಮಿಷವಿರುವಾಗ ಅರ್ಧಕ್ಕೆ ನಿಲ್ಲಿಸಿ ಎಂಟರ ಮೇಲೆ ಮುಂದುವರಿಸುತ್ತಾರೆ. ಅಷ್ಟರಲ್ಲಿ ಜಗಳ ಯಾವುದಕ್ಕೆ ಶುರುವಾಯಿತೆಂದು ಇಬ್ಬರಿಗೂ ಮರೆತಿರುತ್ತದೆ. ಆಡಲೇಬೇಕಾದ ಮಾತಿದ್ದರೆ ಅದು ಊರಿಗೆಲ್ಲ ಬೇಕಾದ ಮಾತಾಗಿರಬೇಕು: ಯಾರದೋ ಹೆರಿಗೆಯಾಯಿತು, ಯಾರೋ ತೀರಿಕೊಂಡರು, ಯಾರದೋ ಮೇಕೆ ಕಾಣುತ್ತಿಲ್ಲ.

ಈ ಶಿಸ್ತನ್ನು ಕಾಯುವವರು ಬೋರಲಿಂಗಯ್ಯ. ಅವರ ತಂದೆಯೂ ಅದನ್ನೇ ಮಾಡುತ್ತಿದ್ದರಂತೆ. ಏಳಕ್ಕೆ ಬರಿಗಾಲಲ್ಲಿ ಮನೆ ಬಿಟ್ಟು, ಕೈಯಲ್ಲಿ ಎಲೆ ತುಂಬಿದ ಬೇವಿನ ಟೊಂಗೆ ಹಿಡಿದು ಕೇರಿ ಕೇರಿ ಸುತ್ತುತ್ತಾರೆ. ಯಾರಾದರೂ ಮರೆತು ಬಾಯಿ ತೆರೆದರೆ ಆ ಟೊಂಗೆಯನ್ನು ಅವರ ಮುಂದೆ ಒಮ್ಮೆ ಆಡಿಸಿದರೆ ಸಾಕು. ಅವರು ಬೈದದ್ದನ್ನು ಯಾರೂ ಕಂಡಿಲ್ಲ. ನಿಂತಹೊತ್ತಿನಲ್ಲಿ ಅವರು ಕೆಮ್ಮಿದ್ದನ್ನೂ ಯಾರೂ ಕೇಳಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ ಎಂದು ಅವರ ಬಗ್ಗೆ ಊರಿಗೆ ಹೆಮ್ಮೆ.

ಅವರ ಹೆಂಡತಿ ಹೊಂಬಾಳಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಹದಿನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂದು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಕೆರೆಯ ಏರಿಯ ಕೆಳಗೆ, ಊರಿನ ಎಲ್ಲ ತೋಟಗಳ ನಟ್ಟನಡುವೆ ಆಕೆಯ ಹಾಗಲದ ಚಪ್ಪರವಿದೆ. ಊರಿನಲ್ಲಿ ಎಲ್ಲರಿಗಿಂತ ಮೊದಲು ಕಾಯಿ ಕೊಯ್ಯುವವಳು ಆಕೆಯೇ. ತನ್ನ ದನಿ ತನಗೆ ಕೇಳಿಸದ ಕಾರಣ ಸಿಕ್ಕಾಪಟ್ಟೆ ಗಟ್ಟಿಯಾಗಿ ಮಾತಾಡುತ್ತಾಳೆ. ನಾವು ಕೈಸನ್ನೆಯಲ್ಲಿ ಉತ್ತರ ಕೊಡುತ್ತೇವೆ.

ಇನ್ನು ನೊಣದ ಮಾತು. ನಮ್ಮೂರಿನದು ಚಪ್ಪರದ ಬೇಸಾಯ. ಹಾಗಲ, ಹೀರೆ, ಸೋರೆ, ಪಡವಲ. ಇವಕ್ಕೆ ಬೀಳುವ ಊಜಿ ನೊಣ ನೋಡಲು ಚೆಂದ, ಕಂದುಹಳದಿ ಮೈ, ಸಣ್ಣ ಸೊಂಟ. ಎಳೆಗಾಯಿಗೆ ಸೂಜಿಯ ಹಾಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ, ಹೆಚ್ಚಿದರೆ ಬಿಳಿ ಹುಳಗಳು ಈಳಿಗೆಯ ಮೇಲೆ ನೆಗೆಯುತ್ತವೆ. ಮೂರು ವರ್ಷದಿಂದ ನಮ್ಮೂರಿನ ಕಾಯಿ ಎಂದರೆ ಪೇಟೆಯವರು ಮುಖ ತಿರುಗಿಸುತ್ತಿದ್ದರು. ವಾರಕ್ಕೆ ಮೂರು ಸಲ ಔಷಧಿ ಹೊಡೆದರು. ಕಾಯೊಳಗೆ ಕುಳಿತ ಹುಳಕ್ಕೆ ಅದು ತಾಗಲಿಲ್ಲ, ಜೇನುಹುಳಕ್ಕೆ ತಾಗಿತು. ಜೇನು ಹೋದಮೇಲೆ ಹೂವು ಕಾಯಿ ಕಚ್ಚುವುದೂ ಕಡಿಮೆಯಾಯಿತು. ನಮ್ಮ ಮನೆಯ ಹೀರೆಯ ಚಪ್ಪರವನ್ನು ನಮ್ಮಪ್ಪ ಕಿತ್ತುಹಾಕೋಣ ಅನ್ನುತ್ತಿದ್ದರು.

ಆಗ ಬಶೀರ್ ಸರ್ ಬಂದರು. ಎರಡು ಗಂಟೆ ದಾರಿಯಾಚೆ ನೊಣ ಸಾಕುವ ಒಂದು ಕೇಂದ್ರವಿದೆ, ಅಲ್ಲಿನವರು. ಮೆಲುಮಾತಿನ ತೆಳ್ಳನೆಯ ಮನುಷ್ಯ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಸಂಘದ ಸಭೆಯಲ್ಲಿ ಅವರು ಹೇಳಿದರು: "ಗಂಡು ನೊಣಗಳನ್ನ ಲಕ್ಷಗಟ್ಟಲೆ ಬೆಳೆಸ್ತೀವಿ. ಅವಕ್ಕೆ ಒಂದು ಬಗೆಯ ಕಿರಣ ತಾಗಿಸ್ತೀವಿ. ಆಮೇಲೆ ಅವು ಹಾರ್ತವೆ, ತಿಂತವೆ, ಹೆಣ್ಣಿನ ಜೊತೆ ಕೂಡ್ತವೆ, ಆದರೆ ಅವುಗಳಿಂದ ಮರಿ ಆಗೋದಿಲ್ಲ. ನಿಮ್ಮೂರಿನ ಹೆಣ್ಣು ನೊಣ ನಮ್ಮ ಗಂಡಿನ ಜೊತೆ ಕೂಡಿದ್ರೆ ಇಟ್ಟ ಮೊಟ್ಟೆ ಒಡೆಯೋದಿಲ್ಲ. ಹೀಗೇ ಮಾಡ್ತಾ ಹೋದ್ರೆ ನೊಣದ ವಂಶವೇ ಕ್ಷೀಣಿಸುತ್ತೆ."

ಹಿಂದಿನಿಂದ ಒಬ್ಬರು ಕೇಳಿದರು, "ಅಂದ್ರೆ ಸ್ವಾಮಿ, ಇರೋ ನೊಣ ಹೋಗ್ಲಿ ಅಂತ ಇನ್ನಷ್ಟು ನೊಣ ತಂದು ಸುರೀತೀರಾ?"

"ಹೌದು."

"ಲಕ್ಷ?"

"ವಾರಕ್ಕೆ ಒಂದೂವರೆ ಲಕ್ಷ."

ಎಲ್ಲರೂ ನಕ್ಕರು. ಬಶೀರ್ ಸರ್ ಕೂಡ ನಕ್ಕರು. ಆದರೆ ಬೇರೆ ದಾರಿಯೂ ಇರಲಿಲ್ಲವಾದ್ದರಿಂದ ಊರವರು ಒಪ್ಪಿದರು. ಬಶೀರ್ ಸರ್ ಹಾಕಿದ ಷರತ್ತು ಒಂದೇ: ಯಾರೂ ಔಷಧಿ ಹೊಡೆಯಬಾರದು, ಹೊಡೆದರೆ ತಂದ ಮದುವೆಗಂಡುಗಳೆಲ್ಲ ಸಾಯುತ್ತವೆ. ಎಲ್ಲರೂ ಕೈಯೆತ್ತಿದರು. ಹೊಂಬಾಳಮ್ಮನಿಗೆ ಬೋರಲಿಂಗಯ್ಯ ಸನ್ನೆಯಲ್ಲಿ ತಿಳಿಸಿದರು, ಆಕೆಯೂ ಕೈಯೆತ್ತಿದಳು.

ನೊಣಗಳು ತಣ್ಣನೆಯ ಪೆಟ್ಟಿಗೆಯಲ್ಲಿ ನಿದ್ದೆ ಮಾಡುತ್ತ ಬರುತ್ತಿದ್ದವು. ಗುರುತಿಗೆಂದು ಅವುಗಳ ಮೈಗೆ ಗುಲಾಬಿ ಪುಡಿ ಹಚ್ಚಿರುತ್ತಿದ್ದರು. ಡ್ರೋನಿನ ಹೊಟ್ಟೆಗೆ ಕಟ್ಟಿದ ಡಬ್ಬಿ ಮೆಲ್ಲಗೆ ತಿರುಗುತ್ತ ಅವನ್ನು ಉದುರಿಸುತ್ತಿತ್ತು. ಬೀಳುತ್ತ ಬೀಳುತ್ತ ಬಿಸಿಲು ತಾಗಿ ಎಚ್ಚರವಾಗಿ, ನೆಲ ಮುಟ್ಟುವ ಮೊದಲೇ ರೆಕ್ಕೆ ಬಿಚ್ಚುತ್ತಿದ್ದವು. ಮೊದಲ ದಿನ ಅದನ್ನು ನೋಡಿ ನಮ್ಮಪ್ಪ, "ಪರವಾಗಿಲ್ಲ, ಗಂಡಿನ ಕಡೆಯೋರು ಹೊತ್ತಿಗೆ ಸರಿಯಾಗಿ ಎದ್ರು" ಎಂದರು.

ತೊಂದರೆ ಒಂದಿತ್ತು. ಬೇರೆ ಹೊತ್ತಿನಲ್ಲಿ ಬಿಟ್ಟರೆ ಗಾಳಿ ನೊಣಗಳನ್ನೆಲ್ಲ ಗುಡ್ಡದಾಚೆ ಒಯ್ಯುತ್ತಿತ್ತು. ನಿಂತಹೊತ್ತಿನಲ್ಲೇ ಬಿಡಬೇಕು. ಆಗ ಡ್ರೋನಿನ ಗುಂಯ್ ಎನ್ನುವ ಸದ್ದು ಊರಿನ ಪ್ರತಿಯೊಬ್ಬರ ಕಿವಿಯಲ್ಲೂ ಕೂರುತ್ತಿತ್ತು. ವಾರಕ್ಕೆ ಮೂರು ದಿನ, ಏಳರಿಂದ ಎಂಟರವರೆಗೆ. ಬೋರಲಿಂಗಯ್ಯ ಮೊದಲ ದಿನ ನನ್ನ ಮುಂದೆ ಬಂದು ನಿಂತು ಬೇವಿನ ಟೊಂಗೆಯನ್ನು ಎತ್ತಿದರು, ಮತ್ತೆ ಏನೋ ನೆನಪಾದವರಂತೆ ಇಳಿಸಿದರು. ಪಾಪ, ಅವರಿಗೆ ಎಷ್ಟು ಕಷ್ಟವಾಗಿರಬೇಕು. ಹೆಂಗಸರು ಕಿವಿಗೆ ಹತ್ತಿ ಇಟ್ಟುಕೊಂಡರು. ಎಷ್ಟೋ ಜನ ಎಂಟರ ಮೇಲೂ ಗುಂಯ್ ಎನ್ನುತ್ತಿದೆ ಎಂದು ತಲೆ ಕೊಡವುತ್ತಿದ್ದರು. ಆದರೂ ಯಾರೂ ನಿಲ್ಲಿಸು ಅನ್ನಲಿಲ್ಲ.

ಒಂದೂವರೆ ತಿಂಗಳಾಯಿತು. ಅಂಚಿನ ತೋಟಗಳಲ್ಲಿ ಹುಳದ ಕಾಟ ಇಳಿಯಿತು. ನಡುವಿನ ತೋಟಗಳಲ್ಲಿ ಇಳಿಯಲೇ ಇಲ್ಲ. ಬಶೀರ್ ಸರ್ ತೋಟ ತೋಟಕ್ಕೂ ನೇತುಹಾಕಿದ್ದ ಬಲೆಡಬ್ಬಿಗಳನ್ನು ಬಿಚ್ಚಿ, ಗುಲಾಬಿ ನೊಣ ಎಷ್ಟು, ಕಾಡುನೊಣ ಎಷ್ಟು ಎಂದು ಎಣಿಸಿದರು. ಭೂತಗನ್ನಡಿ ಜೇಬಿಗಿಟ್ಟು ನನ್ನನ್ನು ಬದಿಗೆ ಕರೆದರು.

"ಜಲಜಾಕ್ಷಿ ಮೇಡಂ, ಕೆರೆ ಏರಿ ಕೆಳಗಿನ ಚಪ್ಪರದ ಹತ್ತಿರ ನಮ್ಮ ನೊಣ ಒಂದೂ ಉಳೀತಾ ಇಲ್ಲ. ಅಲ್ಲಿ ಯಾರೋ ಔಷಧಿ ಹೊಡೀತಿದ್ದಾರೆ. ಅಲ್ಲಿನ ಕಾಯಲ್ಲಿ ಹುಟ್ಟಿದ ನೊಣ ಸುತ್ತಲ ತೋಟಕ್ಕೆಲ್ಲ ಹೋಗ್ತಿದೆ. ಇನ್ನು ಹದಿನೈದು ದಿನದಲ್ಲಿ ಸರಿಹೋಗದಿದ್ರೆ ಮೇಲಿನವರು ಈ ನೊಣಗಳನ್ನ ಬೇರೆ ಊರಿಗೆ ಕೊಟ್ಟುಬಿಡ್ತಾರೆ. ಕೇಳೋರು ಬಹಳ ಜನ ಇದ್ದಾರೆ."

ಏರಿಯ ಕೆಳಗಿನ ಚಪ್ಪರ ಎಂದರೆ ಹೊಂಬಾಳಮ್ಮನದು. ನೊಣ ಬಿಡದ ಒಂದು ದಿನ, ಬೆಳಿಗ್ಗೆ ಏಳೂಕಾಲಿಗೆ ನಾನು ಅಲ್ಲಿಗೆ ಹೋದೆ. ಹಾಗಲದ ಎಲೆಗಳ ಮೇಲೆ ಗುಲಾಬಿ ಚುಕ್ಕೆಗಳಂತೆ ನೊಣಗಳು ಸತ್ತು ಬಿದ್ದಿದ್ದವು. ಔಷಧಿಯ ಘಾಟು ಮೂಗಿಗೆ ಹೊಡೆಯಿತು. ಹೊಂಬಾಳಮ್ಮ ನನ್ನ ಕಡೆ ಬೆನ್ನು ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾಯಿ ಕೊಯ್ಯುತ್ತಿದ್ದಳು. ಬರಿಗಾಲಲ್ಲಿ ಬಂದ ನನ್ನನ್ನು ಆಕೆ ಗಮನಿಸಿರಲಿಲ್ಲ. ಮುಂದೆ ಹೋಗಿ ಭುಜ ಮುಟ್ಟಬೇಕು ಅನ್ನುವಷ್ಟರಲ್ಲಿ ಊರಿನ ಆ ತುದಿಯಲ್ಲಿ ಚೌಡಪ್ಪನವರು ಸೀನಿದರು. ಅವರ ಸೀನು ಒಂದಕ್ಕೆ ನಿಲ್ಲುವುದಲ್ಲ. ಒಂದು, ಎರಡು, ಐದು, ಏಳು. ಏಳನೆಯದಾದ ಮೇಲೆ "ಥೂ, ಇವನ ಮೂಗಿಗಿಷ್ಟು" ಎಂದು ತಮ್ಮ ಮೂಗಿಗೆ ತಾವೇ ಬೈದುಕೊಂಡದ್ದು ಊರಿಗೆಲ್ಲ ಕೇಳಿಸಿತು.

ಹೊಂಬಾಳಮ್ಮನ ಬೆನ್ನು ಕುಲುಕಿತು. ಆಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದಳು.

ತಿರುಗಿದ ಆಕೆ ನನ್ನನ್ನು ಕಂಡು ನಗು ನುಂಗಿದಳು. ನಾನು ನನ್ನ ಕಿವಿಯನ್ನು ಮುಟ್ಟಿ, ಕೈ ತಿರುಗಿಸಿ, ಕೇಳಿಸುತ್ತದಾ ಎಂದು ಸನ್ನೆ ಮಾಡಿದೆ. ಆಕೆ ತುಟಿಯ ಮೇಲೆ ಬೆರಳಿಟ್ಟು, ಚಪ್ಪರದ ಕೆಳಗೆ ಕೂರಲು ತೋರಿಸಿದಳು. ಇಬ್ಬರೂ ಕೂತೆವು. ಎಂಟಾಗುವವರೆಗೂ ಆಕೆ ಕಣ್ಣು ಅರೆಮುಚ್ಚಿ ಸುಮ್ಮನಿದ್ದಳು. ಎಲ್ಲೋ ಒಂದು ಕರು ಹಾಲು ಚೀಪುವ ಸದ್ದು. ಎಲ್ಲೋ ಒಬ್ಬರು ತಲೆ ಬಾಚುವ ಸದ್ದು. ಗೊರವಂಕಗಳು. ನಾನು ಆ ಊರಿನಲ್ಲೇ ಹುಟ್ಟಿದವಳು, ಅಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ.

ಎಂಟಕ್ಕೆ ಗಾಳಿ ಎದ್ದಿತು. ಆಕೆಯ ಮುಖದಲ್ಲಿ ಏನೋ ಆರಿತು. ಮತ್ತೆ ಎಂದಿನ ಗಟ್ಟಿ ದನಿಯಲ್ಲಿ ಮಾತು ಶುರುಮಾಡಿದಳು. ಗಾಳಿಯ ಅಬ್ಬರಕ್ಕೆ ಪಕ್ಕದ ತೋಟದವರಿಗೂ ಅದು ಕೇಳಿಸುವಂತಿರಲಿಲ್ಲ.

"ಹೂಂ ಕಣವ್ವ. ಆ ಒಂದು ಗಂಟೆ ಕೇಳಿಸ್ತದೆ. ಜ್ವರ ಬಿಟ್ಟ ಮಾರನೇ ದಿನದಿಂದ್ಲೂ. ಎಂಟಾಯ್ತು ಅಂದ್ರೆ ಬಾಗ್ಲು ಹಾಕ್ದಂಗೆ. ಯಾರಿಗೂ ಹೇಳಿಲ್ಲ. ಯಾಕೆ ಅಂತ ಕೇಳು."

ಯಾಕೆ ಎಂದು ಕೈ ಆಡಿಸಿದೆ.

"ನಮ್ಮೆಜಮಾನ್ರು ಏನು ಕೆಲ್ಸ ಮಾಡ್ತಾರೆ ಹೇಳು. ಊರ ಬಾಯಿ ಮುಚ್ಚೋ ಕೆಲ್ಸ. ನಂಗೆ ಆ ಗಂಟೇಲಿ ಮಾತ್ರ ಕೇಳಿಸ್ತದೆ ಅಂತ ಗೊತ್ತಾದ್ರೆ ಅವ್ರು ಆ ಟೊಂಗೆ ಎಸೆದು ಮನೇಲಿ ಕೂತ್ಬುಡ್ತಾರೆ. ಅವರಪ್ಪನ ಕೆಲ್ಸ ಅದು. ಅದ್ರಾಗೆ ಅವ್ರ ಜೀವ ಐತೆ. ನನ್ನಿಂದ ಅದು ಬುಡಿಸ್ಬೇಕಾ? ಹೋಗ್ಲಿ ಬುಡು, ಮಾತು ಕೇಳ್ದಿದ್ರೆ ಹಕ್ಕಿ ಕೇಳ್ತದಲ್ಲ ಅಂತ ಇದ್ದೆ. ಈಗ ನಿನ್ನ ಆ ಗಿರಗಟ್ಲೆ ಬಂತು. ವಾರಕ್ಕೆ ಮೂರು ದಿನ ನಂಗೆ ಗುಂಯ್ ಅನ್ನೋದು ಬುಟ್ರೆ ಬೇರೆ ಏನೂ ಇಲ್ಲ. ನೊಣ ಸತ್ರೆ ನೀವು ಕೆಲ್ಸ ಬುಟ್ಟು ಹೋಗ್ತೀರಿ ಅಂತ ಔಷಧಿ ಹೊಡ್ದೆ. ತಪ್ಪು ಅಂತ ಗೊತ್ತು. ನೀನು ಮಾತ್ರ ಯಾರಿಗೂ ಹೇಳ್ಬ್ಯಾಡ."

ನಾನು ತಲೆಯಾಡಿಸಿದೆ. ಬೇರೇನು ಮಾಡಲು ಸಾಧ್ಯವಿತ್ತು? ಆಕೆಯ ಜೊತೆ ಗುಟ್ಟಾಗಿ ಮಾತಾಡುವ ದಾರಿಯೇ ಇರಲಿಲ್ಲ. ನಿಂತಹೊತ್ತಿನಲ್ಲಿ ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ, ಅದು ಕಳೆದರೆ ಆಕೆಗೆ ಕೇಳುವುದಿಲ್ಲ. ಮುಂದಿನ ವಾರ ಆಕೆಯ ಚಪ್ಪರದ ಮೇಲೆ ಹಾರಿಸದೆ, ಡ್ರೋನನ್ನು ಹದಿನೈದು ನಿಮಿಷ ಮೊದಲೇ ಇಳಿಸಿದೆ. ಬಶೀರ್ ಸರ್ ಅದನ್ನು ಕೂಡಲೇ ಗುರುತಿಸಿ, "ನಡುವೆ ಜಾಗ ಬಿಟ್ರೆ ಮಾಡಿದ್ದೆಲ್ಲ ವ್ಯರ್ಥ ಮೇಡಂ" ಎಂದರು. ಅವರಿಗೆ ಸುಳ್ಳು ಹೇಳಲು ಮನಸ್ಸಿರಲಿಲ್ಲ, ನಿಜ ಹೇಳುವಂತಿರಲಿಲ್ಲ. ಬ್ಯಾಟರಿ ಸರಿಯಿಲ್ಲ ಎಂದು ಏನೋ ಗೊಣಗಿದೆ.

ಅಷ್ಟರಲ್ಲಿ ಔಷಧಿ ಹೊಡೆಯುತ್ತಿರುವವರು ಯಾರೆಂದು ಬೇರೆಯವರಿಗೂ ತಿಳಿಯಿತು. ಅಂಥ ಘಾಟನ್ನು ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ಬಶೀರ್ ಸರ್ ಕೊಟ್ಟ ಗಡುವಿಗೆ ಇನ್ನು ಐದು ದಿನ ಇತ್ತು. ಅವತ್ತು ನೊಣ ಬಿಡುವ ದಿನ. ನಾನು ಏರಿಯ ಮೇಲೆ ಪೆಟ್ಟಿಗೆ ತೆರೆಯುತ್ತಿದ್ದೆ. ಬಶೀರ್ ಸರ್ ಪಕ್ಕದಲ್ಲಿದ್ದರು. ಏಳು ಹೊಡೆದು ಗಾಳಿ ನಿಂತಿತು. ನಾನು ಡ್ರೋನ್ ಏರಿಸುವ ಮೊದಲೇ ಚೌಡಪ್ಪನವರ ದನಿ ನಮ್ಮ ಕಿವಿಯ ಬಳಿಯಲ್ಲೇ ಎದ್ದಿತು.

"ಊರೋರೆಲ್ಲ ಕೇಳ್ರಪ್ಪ. ಹೊಂಬಾಳಮ್ಮನ ವಿಷಯ. ಆಯಮ್ಮಂಗೆ ಹೆಂಗೂ ಕೇಳಿಸಲ್ಲ, ಅದ್ಕೇ ಬಿಚ್ಚಿ ಹೇಳ್ತಾ ಇದೀನಿ. ನಾವೆಲ್ಲ ಕಿವೀಲಿ ಹತ್ತಿ ಇಟ್ಕೊಂಡು ಸೈರಿಸ್ಕೊಂಡ್ರೆ, ಆ ಕಿವುಡಿ ಒಬ್ಳು ಕದ್ದು ಔಷಧಿ ಹೊಡೀತಾ ಅವಳೆ. ಅವಳಿಗೇನು, ಸದ್ದಿನ ಕಾಟಾನೂ ಇಲ್ಲ. ಎಂಟಾಗ್ತಿದ್ದಂಗೆ ನಾಲ್ಕು ಜನ ಹೋಗಿ ಔಷಧಿ ಕ್ಯಾನು ಕಿತ್ಕೊಂಡು ಬನ್ನಿ. ಬೋರಲಿಂಗಣ್ಣ, ನೀನು ಬೇಜಾರು ಮಾಡ್ಕಬ್ಯಾಡ."

ನನ್ನ ಕೈಯಲ್ಲಿದ್ದ ಡಬ್ಬಿಯೊಳಗೆ ನಾಲ್ಕೈದು ನೊಣ ಎದ್ದು ಸರಬರ ಅನ್ನುತ್ತಿದ್ದವು, ಅದು ಕೂಡ ಊರಿಗೆಲ್ಲ ಕೇಳಿಸಿರಬೇಕು.

"ಕೇಳಿಸ್ತು ಚೌಡಪ್ಪ."

ಅದು ಯಾರ ದನಿ ಎಂದು ಮೊದಲು ಒಬ್ಬರಿಗೂ ಹೊಳೆಯಲಿಲ್ಲ. ನಾವು ಬಲ್ಲ ಆ ಗಂಟಲು ಹರಿಯುವ ದನಿ ಅದಲ್ಲ. ಮೆತ್ತಗೆ, ತಗ್ಗಿ ಬಂದ ದನಿ. ತನ್ನ ಮಾತು ತನಗೆ ಕೇಳಿಸುವಾಗ ಯಾರಾದರೂ ಕೂಗುತ್ತಾರೆಯೇ?

"ಕೇಳಿಸ್ತು. ನೀನು ಮೂಗಿಗೆ ಬೈಯೋದೂ ಕೇಳಿಸ್ತದೆ. ಈ ಒಂದು ಗಂಟೆ ನಂಗೆ ಎಲ್ಲ ಕೇಳಿಸ್ತದೆ, ಹದ್ನಾಲ್ಕು ವರ್ಷದಿಂದ. ಆದ್ರೆ ಕೇಳೋಕೆ ಏನಿತ್ತು? ನಂಗೆ ಕಿವಿ ಇರೋ ಗಂಟೇಲಿ ನೀವ್ಯಾರೂ ಮಾತಾಡಲ್ಲ. ನೀವು ಮಾತಾಡೋ ಹೊತ್ನಾಗೆ ನಂಗೆ ಕಿವಿ ಇಲ್ಲ. ನನ್ನ ತಂಗಿ ಮಗ್ಳು ಇದೇ ಊರಿಗೆ ಸೊಸೆಯಾಗಿ ಬಂದು ಆರು ವರ್ಷ ಆಯ್ತು. ಅವ್ಳ ದನಿ ಹೆಂಗೈತೆ ಅಂತ ನಂಗೆ ಗೊತ್ತಿಲ್ಲ. ಹಕ್ಕಿ ಕೂಗ್ತಿತ್ತು, ಅದ್ರಾಗೇ ಇದ್ದೆ. ಅದ್ರ ಮೇಲೂ ಇದನ್ನ ಹಾರಿಸಿದ್ರಿ. ಹೊಟ್ಟೆ ಉರೀತು, ಔಷಧಿ ಹೊಡ್ದೆ. ಕ್ಯಾನು ತಗೊಂಡು ಹೋಗೋಕೆ ನಾಲ್ಕು ಜನ ಯಾಕೆ, ನಾನೇ ತಂದು ನಿಮ್ಮ ಜಗಲಿ ಮೇಲೆ ಇಡ್ತೀನಿ."

ಏರಿಯ ಮೇಲಿನಿಂದ ನನಗೆ ಬೋರಲಿಂಗಯ್ಯ ಕಾಣುತ್ತಿದ್ದರು. ಬೀದಿಯ ನಡುವೆ ಬೇವಿನ ಟೊಂಗೆ ಹಿಡಿದು ನಿಂತಿದ್ದರು. ಅದನ್ನು ಆಡಿಸಲಿಲ್ಲ.

ನಾನು ಯೋಚಿಸಿದವಳಲ್ಲ, ಮಾತು ತಾನಾಗಿ ಬಂತು. "ಹೊಂಬಾಳಮ್ಮ, ನಿಂತಹೊತ್ತು ಪೂರ್ತಿ ಹಾರಿಸ್ಬೇಕು ಅಂತೇನಿಲ್ಲ. ವಾರಕ್ಕೆ ಮೂರು ದಿನದ ಬದ್ಲು ದಿನಾ ಇಪ್ಪತ್ತು ನಿಮಿಷ ಹಾರಿಸಿದ್ರೆ ಆಯ್ತು." ನಂತರ ಬಶೀರ್ ಸರ್ ಮುಖ ನೋಡಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿ, "ಡಬ್ಬಿ ಸ್ವಲ್ಪ ಬೇಗ ತಿರುಗಿಸಿದ್ರೆ ಆಗುತ್ತೆ. ದಿನಾ ನೊಣ ತರೋದು ನನ್ನ ಕೆಲಸ" ಎಂದರು. ತಾವು ಇಡೀ ಊರಿಗೆ ಮಾತು ಕೊಟ್ಟುಬಿಟ್ಟದ್ದು ಆಮೇಲೆ ಹೊಳೆದು ಅವರ ಕಿವಿ ಕೆಂಪಾಯಿತು.

ಹೊಂಬಾಳಮ್ಮ ಹೇಳಿದಳು, "ಹಂಗಾದ್ರೆ ಕಡೇ ಇಪ್ಪತ್ತು ನಿಮಿಷ ನೊಣದ್ದು. ಮೊದ್ಲು ನಲವತ್ತು ನಂದು. ನನ್ನ ನಲವತ್ರಾಗೆ ನೀವೆಲ್ಲ ಮಾತಾಡ್ಬೇಕು."

"ಏನು ಮಾತಾಡೋದು ತಾಯಿ?" ಎಂದರು ಚೌಡಪ್ಪನವರು. ಅವರ ದನಿ ಬಹಳ ಸಣ್ಣದಾಗಿತ್ತು.

"ಏನಾರ. ನಂಗೆ ಎಲ್ಲಾನೂ ಹೊಸ್ದೇ."

ಮಾರನೆಯ ದಿನ ಏಳಕ್ಕೆ ಗಾಳಿ ನಿಂತಿತು. ಊರಿಗೆ ಊರೇ ಬಾಯಿ ಕಟ್ಟಿದಂತೆ ಕುಳಿತಿತ್ತು. ಹುಟ್ಟಿದಾಗಿನಿಂದ ಸುಮ್ಮನಿದ್ದು ರೂಢಿಯಾದವರಿಗೆ ಮಾತಾಡಿ ಎಂದರೆ ಎಲ್ಲಿಂದ ಬರಬೇಕು? ಐದು ನಿಮಿಷವಾದ ಮೇಲೆ ಮೇಷ್ಟರೊಬ್ಬರು ಧೈರ್ಯ ಮಾಡಿ ಹದಿನೇಳರ ಮಗ್ಗಿ ಹೇಳಿದರು. ಅದು ಮುಗಿದ ಮೇಲೆ ಮತ್ತೆ ಮೌನ. ಆಮೇಲೆ ಹೊಂಬಾಳಮ್ಮನ ತಂಗಿಯ ಮಗಳು, "ದೊಡ್ಡವ್ವ, ನಾನು. ನಿನ್ ಹಂಗೆ ಹಾಗಲಕಾಯಿ ಗೊಜ್ಜು ಮಾಡೋಕೆ ಹೋದೆ, ಕಹಿ ಬಿಡ್ಲೇ ಇಲ್ಲ" ಎಂದಳು. ಹೊಂಬಾಳಮ್ಮ ಉತ್ತರ ಕೊಡುವ ಮೊದಲೇ ಕೆಳಗಿನ ಕೇರಿಯಿಂದ ಯಾರೋ, "ಉಪ್ಪು ಹಾಕಿ ಹಿಂಡ್ಬೇಕು" ಅಂದರು. ಇನ್ನೊಬ್ಬರು, "ಹಿಂಡಿದ್ರೆ ಅದ್ರಾಗೇನು ಉಳೀತದೆ, ಹುಣಸೆ ಜಾಸ್ತಿ ಹಾಕ್ಬೇಕು" ಅಂದರು. ಬೆಲ್ಲ ಎಷ್ಟು ಅನ್ನುವುದಕ್ಕೆ ಬಂದಾಗ ಊರು ಎರಡು ಪಾಲಾಯಿತು. ಏಳೂನಲವತ್ತಕ್ಕೆ ನಾನು ಡ್ರೋನ್ ಏರಿಸದಿದ್ದರೆ ಆ ಜಗಳ ನಿಲ್ಲುತ್ತಿರಲಿಲ್ಲ. ಕೆಳಗೆ ಚಪ್ಪರದ ಸಂದಿಯಲ್ಲಿ ಹೊಂಬಾಳಮ್ಮ ಮುಖವನ್ನು ಮೇಲೆತ್ತಿ ಕಣ್ಣೊರೆಸಿಕೊಳ್ಳುವುದು ನನ್ನ ಪರದೆಯಲ್ಲಿ ಕಂಡಿತು. ಮದುವೆಗಳಲ್ಲಿ ಅಂಥ ಮುಖಗಳ ಹತ್ತಿರಕ್ಕೆ ಇಳಿಸುತ್ತಿದ್ದೆ. ಅವತ್ತು ಸೀದಾ ಮುಂದಕ್ಕೆ ಹಾರಿಸಿಕೊಂಡು ಹೋದೆ.

ಆಮೇಲೆ ನಲವತ್ತು ನಿಮಿಷ ಸಾಲದಾಯಿತು. ಯಾರು ಯಾವ ದಿನ ಮಾತಾಡಬೇಕೆಂದು ಚೌಡಪ್ಪನವರು ಸರದಿ ಹಾಕಲು ನೋಡಿದರು, ಯಾರೂ ಅದನ್ನು ಪಾಲಿಸಲಿಲ್ಲ. ಒಬ್ಬರು ಪೇಪರು ಓದುತ್ತಿದ್ದರು. ಒಬ್ಬಳು ತನ್ನ ಅತ್ತೆಯ ಮೇಲಿನ ದೂರನ್ನು ಅತ್ತೆಯ ಎದುರೇ, ಊರಿನ ಎದುರೇ ಹೇಳಿದಳು, ಅತ್ತೆಯೂ ಬಿಡಲಿಲ್ಲ. ಚೌಡಪ್ಪನವರು ಒಂದು ಬೆಳಿಗ್ಗೆ ಕಿವುಡಿ ಎಂದದ್ದಕ್ಕೆ ತಪ್ಪಾಯಿತು ಎಂದರು, ಹೊಂಬಾಳಮ್ಮ "ಸೀನು, ಸರಿಹೋಯ್ತದೆ" ಎಂದಳು. ಔಷಧಿಯ ಕ್ಯಾನು ಅವರ ಜಗಲಿಯ ಮೇಲೇ ಇತ್ತು, ಮೇಲೆ ಬೆಕ್ಕು ಮಲಗುತ್ತಿತ್ತು.

ಮಾತಾಡದೆ ಉಳಿದವರು ಒಬ್ಬರೇ, ಬೋರಲಿಂಗಯ್ಯ. ಟೊಂಗೆಯನ್ನು ಬಾಗಿಲ ಮೇಲೆ ಸಿಕ್ಕಿಸಿ, ಏಳಕ್ಕೆ ಹೆಂಡತಿಯ ಜೊತೆ ಚಪ್ಪರಕ್ಕೆ ಹೋಗಿ ಕೂರುತ್ತಿದ್ದರು. ಸೊಪ್ಪು ಬಿಡಿಸುತ್ತಿದ್ದರು, ಬಳ್ಳಿಗೆ ದಾರ ಕಟ್ಟುತ್ತಿದ್ದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಕೋಪವೇ ಎಂದರೆ ಕೋಪವಿದ್ದ ಮುಖವಲ್ಲ. ಒಂದು ಸಂಜೆ ಅವರು ನಮ್ಮ ಮನೆಯ ಮುಂದೆ ಹೋಗುವಾಗ ನಾನು ಕೇಳಿಯೇಬಿಟ್ಟೆ. "ಎಲ್ರೂ ಮಾತಾಡ್ತಾರೆ. ಆಯಮ್ಮ ಕಾಯ್ತಿರೋದು ನಿಮ್ಮ ಒಂದು ಮಾತಿಗೆ ಅಲ್ವಾ ಬೋರಲಿಂಗಣ್ಣ?"

ಅವರು ನಮ್ಮ ಜಗಲಿಯ ಅಂಚಿಗೆ ಕೂತರು. "ಬಾಯಿ ತೆಗೀತೀನವ್ವ. ಮೂವತ್ತು ವರ್ಷದ ಅಭ್ಯಾಸ, ಗಂಟಲೇ ಮುಚ್ಕೊತದೆ. ಅಲ್ಲದೆ ಹದ್ನಾಲ್ಕು ವರ್ಷ ಪಕ್ಕದಾಗೇ ಕೂತು ಅವ್ಳಿಗೆ ಒಂದು 'ಲೇ' ಅಂತ ಕೂಡ ಅನ್ಲಿಲ್ಲ ನಾನು. ಈಗ ಏನಂತ ಶುರು ಮಾಡ್ಲಿ?"

ನೊಣದ ಕೆಲಸ ಮಾತ್ರ ಹೂವೆತ್ತಿದಂತೆ ಸಾಗಿತು. ಬಶೀರ್ ಸರ್ ಗಡುವಿನ ಮಾತೇ ಎತ್ತಲಿಲ್ಲ. ನಡುವಿನ ತೋಟಗಳ ಬಲೆಡಬ್ಬಿಗಳಲ್ಲಿ ಗುಲಾಬಿ ನೊಣ ಹೆಚ್ಚುತ್ತ, ಕಾಡುನೊಣ ಇಳಿಯುತ್ತ ಬಂತು. ಎರಡು ತಿಂಗಳ ಹೊತ್ತಿಗೆ ಜೇನುಹುಳ ಹೀರೆಯ ಹೂವಿಗೆ ಮರಳಿದವು, ನಮ್ಮಪ್ಪ ಚಪ್ಪರ ಕೀಳುವ ಮಾತು ಬಿಟ್ಟು ಇನ್ನೊಂದು ಚಪ್ಪರ ಹಾಕಲು ಗಳ ಕಡಿದರು. ಹೊಸ ಬೆಳೆಯ ಮೊದಲ ಕೊಯ್ಲು ಯಾವತ್ತೂ ಹೊಂಬಾಳಮ್ಮನದೇ. ಆ ದಿನ ಏಳಕ್ಕೆ, ಕಾಯಿ ಹೆಚ್ಚುವುದನ್ನು ಕೇಳಲೆಂದು, ಊರಿನಲ್ಲಿ ಮಾತು ತಾನಾಗಿ ನಿಂತಿತ್ತು. ಬಶೀರ್ ಸರ್ ಭೂತಗನ್ನಡಿ ಹಿಡಿದು ಚಪ್ಪರದ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಡ್ರೋನನ್ನು ನೆಲದ ಮೇಲಿಟ್ಟು ನಿಂತಿದ್ದೆ.

ಹೊಂಬಾಳಮ್ಮ ಈಳಿಗೆಮಣೆಯ ಮುಂದೆ ಕೂತಳು. ಬುಟ್ಟಿಯಲ್ಲಿ ಹನ್ನೊಂದು ಹಾಗಲಕಾಯಿ. ಮೊದಲನೆಯದನ್ನು ಈಳಿಗೆಗೆ ಒತ್ತಿದಳು. ಕಚಕ್ ಎಂದ ಸದ್ದು ಮನೆ ಮನೆಯಲ್ಲೂ ಕೇಳಿಸಿತು. ಎರಡು ಹೋಳನ್ನೂ ಗಂಡನ ಕೈಗೆ ಕೊಟ್ಟಳು, ಆಕೆಯ ಕಣ್ಣು ಈಗ ಅಷ್ಟು ಚುರುಕಿಲ್ಲ. ಬೋರಲಿಂಗಯ್ಯ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಿಳಿ ತಿರುಳು, ಎಳೆ ಬೀಜ. ಬಶೀರ್ ಸರ್ ಬಾಯಿ ತೆರೆಯಲು ಹೋದರು, ನಾನು ಅವರ ಮೊಣಕೈ ಹಿಡಿದೆ.

ಬೋರಲಿಂಗಯ್ಯ ಕೆಮ್ಮಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ.

"ಹೊಂಬಾಳಿ," ಎಂದರು. "ಹುಳ ಇಲ್ಲ ಕಣೆ."

ಆಕೆ ಹೋಳಿನ ಕಡೆ ನೋಡಲೇ ಇಲ್ಲ. ಗಂಡನ ಮುಖವನ್ನೇ ನೋಡುತ್ತ, ಬುಟ್ಟಿಗೆ ಕೈ ಹಾಕಿ ಎರಡನೆಯ ಕಾಯಿ ತೆಗೆದು ಹೆಚ್ಚಿದಳು.

"ಇದ್ರಾಗೂ ಇಲ್ಲ."

ಮೂರನೆಯದು. "ಇದ್ರಾಗೂ ಇಲ್ಲ ಕಣೆ." ನಾಲ್ಕನೆಯದು, ಐದನೆಯದು. ಬುಟ್ಟಿ ಖಾಲಿಯಾಗುವವರೆಗೂ ಆಕೆ ಹೆಚ್ಚಿದಳು, ಅವರು ನೋಡಿ ನೋಡಿ ಹೇಳಿದರು. ಹನ್ನೊಂದನೆಯದಾದ ಮೇಲೆ ಆಕೆ ಕೇಳಿದಳು, "ದನಿ ಸ್ವಲ್ಪ ದಪ್ಪ ಆಗೈತಲ್ಲ ನಿಂದು?"

"ವಯಸ್ಸಾಯ್ತಲ್ಲೇ."

"ಮತ್ತೆ?"

"ಮತ್ತೆ..." ಬೋರಲಿಂಗಯ್ಯ ತಲೆ ಕೆರೆದುಕೊಂಡರು. "ಹೇಳ್ಲಾ? ಹದ್ನಾಲ್ಕು ವರ್ಷದಿಂದ ಸಾರಿಗೆ ಉಪ್ಪು ಜಾಸ್ತಿ ಹಾಕ್ತಾ ಇದೀಯ."

ಊರಿನ ನಗು ಒಂದೇ ಸಲ ಎದ್ದಿತು. ಏರಿಯ ಮೇಲಿನ ಕೊಕ್ಕರೆಗಳೆಲ್ಲ ಹಾರಿದವು. "ಸನ್ನೇಲಾದ್ರೂ ಹೇಳ್ಬಾರ್ದಿತ್ತಾ!" ಎಂದು ಆಕೆ ಸೆರಗಿನಿಂದ ಗಂಡನಿಗೆ ಹೊಡೆದಳು. ಅವರು, "ಹೇಳಿದ್ದೆ, ನೀನು ಚೆನ್ನಾಗೈತೆ ಅಂತಾವ್ರೆ ಅಂದ್ಕೊಂಡೆ" ಎಂದರು.

ಅವರ ಮಾತು ಅಲ್ಲಿಂದ ಶುರುವಾಗಿದ್ದು ನಿಲ್ಲಲಿಲ್ಲ. ಎಮ್ಮೆ ಈದದ್ದು, ತಮ್ಮ ಅಕ್ಕ ತೀರಿಕೊಳ್ಳುವ ದಿನ ಹೇಳಿದ್ದ ಮಾತು, ಯಾವುದೋ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಾಗ ತಮಗೆ ಹೆದರಿಕೆಯಾದದ್ದು, ಒಂದಾದ ಮೇಲೆ ಒಂದು ಬಂದವು. ಏಳೂನಲವತ್ತಾಯಿತು. ನಾನು ಹೊಂಬಾಳಮ್ಮನಿಗೆ ಕಾಣುವಂತೆ ಕೈಗಡಿಯಾರ ತೋರಿಸಿದೆ. ಆಕೆ ನನ್ನ ಕಡೆ ತಿರುಗದೆಯೇ ಬೆರಳೆತ್ತಿ, ಇನ್ನು ಸ್ವಲ್ಪ ಎಂದು ಸನ್ನೆ ಮಾಡಿದಳು. ಬಶೀರ್ ಸರ್ ಕೂಡ ಪರವಾಗಿಲ್ಲ ಎಂದು ತಲೆಯಾಡಿಸಿದರು. ನಾನು ನೊಣದ ಪೆಟ್ಟಿಗೆಯನ್ನು ನೆರಳಿಗೆ ಎಳೆದು, ಮೇಲೆ ಒದ್ದೆ ಗೋಣಿ ಹೊದಿಸಿ, ಅದರ ಪಕ್ಕದಲ್ಲೇ ಕೂತೆ.